2 ಸಾವಿರ ರೂಪಾಯಲ್ಲಿ ಮಂಗಳೂರು ನೋಡಿ ಬರಬಹುದಾ? ಅರಸೀಕೆರೆ ಹುಡುಗನ ಚೀಟಿ ಹೇಳೋ ಲೆಕ್ಕ ಇದು

ಅರಸೀಕೆರೆ: ಡಿಸೆಂಬರ್ ಬಂತು ಅಂದ್ರೆ ಡಿಗ್ರಿ ಕಾಲೇಜು ಹುಡುಗರ ಬಾಯಲ್ಲಿ ಒಂದೇ ಮಾತು, "ಸಮುದ್ರಕ್ಕೆ ಹೋಗೋಣ ಕಣ್ರೋ". ಗೋವಾ ಅಂತ ಶುರುವಾಗುತ್ತೆ, ಗೋಕರ್ಣಕ್ಕೆ ಇಳಿಯುತ್ತೆ, ಕೊನೆಗೆ ಜೇಬು ನೋಡಿಕೊಂಡು ಮಂಗಳೂರಿಗೆ ಬಂದು ನಿಲ್ಲುತ್ತೆ. ಹಾಸನದಿಂದ ಶಿರಾಡಿ ಘಾಟಿ ಇಳಿದರೆ ಸಿಗೋ ಸಮುದ್ರದ ಊರು ಅದೇ.

ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಒಬ್ಬರ ಮಗ, ಬಿಕಾಂ ವಿದ್ಯಾರ್ಥಿ, 2024ರ ಡಿಸೆಂಬರ್‌ನಲ್ಲಿ ಮೂವರು ಗೆಳೆಯರ ಜೊತೆ ಹೀಗೆ ಹೋಗಿ ಬಂದ. ಕೈಯಲ್ಲಿದ್ದದ್ದು ತಲೆಗೆ 2,000 ರೂಪಾಯಿ. ಎರಡು ರಾತ್ರಿ, ಮೂರು ಹಗಲು. ಅಂಗಡಿ ಹುಡುಗ ಆದ್ದರಿಂದ ಖರ್ಚನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟಿದ್ದ. ಈ ವರ್ಷ ಹೊರಡೋರಿಗೆ, ಕಳಿಸೋ ಮನೆಯವರಿಗೆ ಆ ಚೀಟಿ ಉಪಯೋಗಕ್ಕೆ ಬರುತ್ತೆ.

ಆದರೆ ಅವನು ಹೊರಟಾಗ ಮನೆಯಲ್ಲಿ ನಡೆದ ಜಗಳ ದುಡ್ಡಿಂದಲ್ಲ. ಅದಕ್ಕೆ ಹಿಂದಿನ ವಾರ, ಡಿಸೆಂಬರ್ 10ರಂದು, ಶೈಕ್ಷಣಿಕ ಪ್ರವಾಸಕ್ಕೆ ಹೋಗಿದ್ದ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾಗಿದ್ದರು. ಟಿವಿಯಲ್ಲಿ ಅದನ್ನೇ ನೋಡ್ತಾ ಕೂತಿದ್ದ ಅಪ್ಪ, "ದುಡ್ಡು ಬೇಕಾದ್ರೆ ಇನ್ನೈನೂರು ತಗೋ. ನೀರಿಗೆ ಮಾತ್ರ ಇಳೀಬೇಡ ಕಣೋ" ಅಂದಿದ್ದರು. "ಕೆರೇಲಿ ಈಜ್ತೀನಲ್ಲ ಅಪ್ಪ" ಅನ್ನೋದು ಮಗನ ಉತ್ತರ. ಆ ಉತ್ತರ ಯಾಕೆ ತಪ್ಪು ಅನ್ನೋದಕ್ಕೆ ಮುಂದೆ ಬರೋಣ. ಮೊದಲು ದಾರಿ.

ರೈಲೋ, ಬಸ್ಸೋ?

ವಿಜಯಪುರದಿಂದ ಹೊರಟು ಅರಸೀಕೆರೆ, ಹಾಸನದ ಮೇಲೆ ಮಂಗಳೂರಿಗೆ ಹೋಗುವ ರಾತ್ರಿ ರೈಲಿದೆ. ಈ ಹುಡುಗರು ಅದನ್ನು ಬಿಟ್ಟು, ಬಸ್ಸಲ್ಲಿ ಹಾಸನಕ್ಕೆ ಹೋಗಿ ಬೆಂಗಳೂರು ಕಡೆಯಿಂದ ಬರುವ ಹಗಲು ರೈಲು ಹಿಡಿದರು. ಕಾರಣ ಘಾಟಿ ನೋಡಬೇಕು ಅಂತ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಇಳಿಜಾರು ಎಷ್ಟು ಕಡಿದು ಅಂದ್ರೆ, 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ರೈಲಿನ ಲೆಕ್ಕದಲ್ಲಿ ಇದು ಭಾರೀ ಇಳಿಜಾರು. ಅದಕ್ಕೇ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ತೆವಳುತ್ತೆ. ಬೇಗ ತಲುಪಬೇಕು ಅನ್ನೋರು ಬೈದುಕೊಳ್ತಾರೆ, ನೋಡೋಕೆ ಹೋದವರಿಗೆ ಅದೇ ಲಾಭ. ಗಾಜಿನ ವಿಸ್ಟಾಡೋಮ್ ಬೋಗಿಯ ಟಿಕೆಟ್ ಸಾವಿರದ ಲೆಕ್ಕದ್ದು. ಬಾಗಿಲ ಹತ್ತಿರ ನೇತಾಡದೆ ಸಾಮಾನ್ಯ ಬೋಗಿಯ ಕಿಟಕಿಯಲ್ಲಿ ಕೂತರೂ ಕಾಣೋದು ಅದೇ ಕಾಡು, ಅದೇ ಸುರಂಗ.

ಹಗಲು ರೈಲು ಇದೆಯಾ ಇಲ್ವಾ ಅಂತ ಹೊರಡುವ ಮುಂಚೆ ನೋಡಿಕೊಳ್ಳಲೇಬೇಕು. 2025ರಲ್ಲಿ ಘಾಟಿಯ ವಿದ್ಯುದೀಕರಣ ಕೆಲಸಕ್ಕೆ ಅಂತ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು.

ಮುಂಗಡ ಟಿಕೆಟ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತೆ. ಮೊದಲು 120 ದಿನ ಇತ್ತು, 2024ರ ನವೆಂಬರ್ 1ರಿಂದ ಬದಲಾಯಿತು. ಅಂದ್ರೆ ಡಿಸೆಂಬರ್ 24ರ ಪ್ರಯಾಣಕ್ಕೆ ಅಕ್ಟೋಬರ್ 25ಕ್ಕೆ ಕೂರಬೇಕು. ತತ್ಕಾಲ್ ಆದರೆ ಹಿಂದಿನ ದಿನ, ಸ್ಲೀಪರ್‌ಗೆ ಬೆಳಗ್ಗೆ 11ಕ್ಕೆ, ಎಸಿಗೆ 10ಕ್ಕೆ. ಆನ್‌ಲೈನ್‌ನಲ್ಲಿ ತತ್ಕಾಲ್ ಮಾಡೋಕೆ ಆಧಾರ್ ಜೋಡಿಸಿದ ಖಾತೆ ಬೇಕು. ಗೆಳೆಯನ ಹಳೇ ಐಡಿ ಇಟ್ಟುಕೊಂಡು ಕೂತರೆ ಕೆಲಸ ಆಗಲ್ಲ.

ವಿದ್ಯಾರ್ಥಿ ರಿಯಾಯಿತಿ ಬಗ್ಗೆ ತುಂಬಾ ಜನ ಕೇಳ್ತಾರೆ. ರೈಲ್ವೆಯಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲಿ ನಿಂತರೂ ವಿದ್ಯಾರ್ಥಿಗಳದ್ದು ಉಳಿದಿದೆ. ಆದರೆ ಅದು ಸ್ವಂತ ಊರಿಗೆ ಹೋಗೋಕೆ ಅಥವಾ ಕಾಲೇಜೇ ಕರೆದೊಯ್ಯುವ ಶೈಕ್ಷಣಿಕ ಪ್ರವಾಸಕ್ಕೆ, ಪ್ರಿನ್ಸಿಪಾಲರ ಪತ್ರದ ಮೇಲೆ. ನಾಲ್ಕು ಜನ ಗೆಳೆಯರು ಸೇರಿಕೊಂಡು ಬೀಚಿಗೆ ಹೋಗೋದಕ್ಕೆ ಸಿಗಲ್ಲ. ಕೆಎಸ್ಆರ್‌ಟಿಸಿ ಸ್ಟೂಡೆಂಟ್ ಪಾಸೂ ಅಷ್ಟೇ, ಮನೆ ಮತ್ತು ಕಾಲೇಜಿನ ದಾರಿಗೆ ಮಾತ್ರ.

ಇನ್ನೊಂದು ಗೊಂದಲ. ಮಂಗಳೂರಲ್ಲಿ ಎರಡು ದೊಡ್ಡ ನಿಲ್ದಾಣ. ಸೆಂಟ್ರಲ್ ಊರ ಮಧ್ಯೆ, ಹಂಪನಕಟ್ಟೆಗೆ ನಡೆದೇ ಹೋಗಬಹುದು. ಜಂಕ್ಷನ್ ಇರೋದು ಪಡೀಲ್ ಕಡೆ, ಊರಿಂದ ಐದಾರು ಕಿ.ಮೀ. ದೂರ. ಈ ಹುಡುಗರ ರೈಲು ಜಂಕ್ಷನ್‌ದು. ಗೊತ್ತಿಲ್ಲದೆ ಇಳಿದು, ಆಟೊ ಹತ್ತಿ, ಮೊದಲ ದಿನವೇ ಸಿಟಿ ಬಸ್ಸಿಗೆ ಇಟ್ಟಿದ್ದ ದುಡ್ಡಿನ ಅರ್ಧ ಕಳೆದರು. ಹೊರಗೆ ಮುಖ್ಯ ರಸ್ತೆಗೆ ಬಂದಿದ್ದರೆ ಸಿಟಿ ಬಸ್ಸೇ ಸಿಗ್ತಿತ್ತು.

ರೂಮು, ಊಟ, ಸೆಕೆ

ನಾಲ್ಕು ಜನಕ್ಕೆ ಒಂದು ರೂಮು, ದಿನಕ್ಕೆ 1,200. ಎರಡು ರಾತ್ರಿಗೆ ತಲೆಗೆ 600 ಬಿತ್ತು. ಆ್ಯಪ್‌ನಲ್ಲಿ ಇಬ್ಬರು ಅಂತ ಹಾಕಿ ನಾಲ್ಕು ಜನ ಹೋಗಿ ನಿಂತರೆ ಕೌಂಟರಲ್ಲಿ ವಾದ ಶುರುವಾಗುತ್ತೆ, ಇವರಿಗೂ ಆಯಿತು. ಮೊದಲೇ ಫೋನ್ ಮಾಡಿ ನಾಲ್ಕು ಜನ ಅಂತ ಹೇಳಿ ರೇಟು ಮಾತಾಡಿಕೊಳ್ಳೋದು ವಾಸಿ. ಎಲ್ಲರ ಆಧಾರ್ ಕಾರ್ಡೂ ಬೇಕು, ಒಬ್ಬನದು ಸಾಲದು. ರೈಲ್ವೆ ನಿಲ್ದಾಣದ ವಿಶ್ರಾಂತಿ ಕೊಠಡಿ ಆನ್‌ಲೈನ್‌ನಲ್ಲಿ ಹಿಡಿಯಬೇಕಾದರೆ ಕನ್ಫರ್ಮ್ ಅಥವಾ ಆರ್‌ಎಸಿ ಆದ ಟಿಕೆಟ್‌ನ ಪಿಎನ್‌ಆರ್ ಕೇಳುತ್ತೆ. ಜನರಲ್ ಟಿಕೆಟ್‌ನವರಿಗೆ ಆ ದಾರಿ ಇಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕರಾವಳಿಯಲ್ಲಿ ರೂಮಿನ ರೇಟು ಏರುತ್ತೆ, ಹಾಗಾಗಿ ತಿಂಗಳ ಮಧ್ಯದಲ್ಲೇ ಹೋಗಿ ಬರೋದು ಜಾಣತನ.

ಸ್ವೆಟರ್ ಹೊತ್ತುಕೊಂಡು ಹೋದದ್ದು ದೊಡ್ಡ ನಗೆಪಾಟಲು. ಅರಸೀಕೆರೆ ಇರೋದು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಇಲ್ಲಿ ಡಿಸೆಂಬರ್ ಬೆಳಗ್ಗೆ ಕೈ ಉಜ್ಜಿಕೊಳ್ಳಬೇಕು. ಮಂಗಳೂರಲ್ಲಿ ಅದೇ ತಿಂಗಳು ಮಧ್ಯಾಹ್ನ 32 ಡಿಗ್ರಿ ಆಸುಪಾಸು, ರಾತ್ರಿಯೂ 20ರ ಮೇಲೆ. ನೆಲ ಬೇಗ ಕಾದು ಬೇಗ ತಣ್ಣಗಾಗುತ್ತೆ, ಸಮುದ್ರ ನಿಧಾನ. ಪಕ್ಕದಲ್ಲೇ ಅಷ್ಟು ದೊಡ್ಡ ನೀರು ಇದ್ದಾಗ ಚಳಿ ಹತ್ತಿರ ಸುಳಿಯಲ್ಲ, ಬೆವರು ಆರಲ್ಲ. ಸ್ವೆಟರ್ ಬದಲು ಇನ್ನೆರಡು ಬನಿಯನ್, ಒಂದು ಟವೆಲ್ ಇಟ್ಟುಕೊಳ್ಳಿ.

ಮುದ್ದೆ ಸಿಗಲ್ಲ. ಕುಚ್ಚಲಕ್ಕಿ ಅನ್ನ ಮೊದಲ ದಿನ ದಪ್ಪ ಅನಿಸುತ್ತೆ, ಎರಡನೇ ದಿನ ಸರಿಹೋಗುತ್ತೆ. ಬೆಳಗ್ಗೆ ಬನ್ಸ್ ಅಥವಾ ನೀರುದೋಸೆ, ಸಂಜೆ ಗೋಳಿಬಜೆ, ಮಧ್ಯಾಹ್ನ ಒಂದು ಮೀನೂಟ ಅಂತ ಇಟ್ಟುಕೊಂಡರೆ ದಿನಕ್ಕೆ 200 ರೂಪಾಯಿಗೆ ಹೊಟ್ಟೆ ತುಂಬುತ್ತೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತೆ. ಡಿಸೆಂಬರ್‌ನಲ್ಲಿ ದೋಣಿಗಳೆಲ್ಲ ಸಮುದ್ರದ ಮೇಲಿರೋದರಿಂದ ಬಂಗುಡೆ, ಬೂತಾಯಿ ಊಟಕ್ಕೆ ಸಲೀಸಾಗಿ ಸಿಗುತ್ತೆ. ಅಂಜಲ್ ಕೇಳಿದರೆ ಮಾತ್ರ ಬಜೆಟ್ ಹಾರಿಹೋಗುತ್ತೆ.

ದುಡ್ಡಿಲ್ಲದೆ ನೋಡೋದು ಏನು?

ಊರೊಳಗೆ ಓಡಾಟಕ್ಕೆ ಖಾಸಗಿ ಸಿಟಿ ಬಸ್ಸೇ ಆಸರೆ. ಸ್ಟೇಟ್‌ಬ್ಯಾಂಕ್ ಅಂದ್ರೆ ಅಲ್ಲಿ ಬ್ಯಾಂಕ್ ಅಲ್ಲ, ಬಸ್ ನಿಲ್ದಾಣ. ಅಲ್ಲಿಂದ ಎಲ್ಲ ಕಡೆಗೂ ಬಸ್ಸಿದೆ.

ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಗೋಡೆ, ಮಾಡು ಪೂರ್ತಿ ಚಿತ್ರ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಅನ್ನೋರು 1900ರ ಆಸುಪಾಸಿನಲ್ಲಿ ಬರೆದದ್ದು. ಕದ್ರಿ ಮಂಜುನಾಥ ದೇವಸ್ಥಾನದ ಕಂಚಿನ ಲೋಕೇಶ್ವರ ವಿಗ್ರಹದ ಶಾಸನದಲ್ಲಿ ಕ್ರಿ.ಶ. 968ರ ಕಾಲ ಇದೆ. ನಮ್ಮ ಅರಸೀಕೆರೆ ಶಿವಾಲಯಕ್ಕಿಂತ ಇನ್ನೂರೈವತ್ತು ವರ್ಷ ಹಳೇದು. ಕುದ್ರೋಳಿ ಗೋಕರ್ಣನಾಥ ದೇವಸ್ಥಾನವನ್ನು 1912ರಲ್ಲಿ ಪ್ರತಿಷ್ಠೆ ಮಾಡಿದವರು ನಾರಾಯಣ ಗುರುಗಳು. ಸುಲ್ತಾನ್ ಬತ್ತೇರಿಯಲ್ಲಿ ಟಿಪ್ಪು ಕಾಲದ ಕಾವಲು ಬುರುಜು ಇದೆ, ಅಲ್ಲೇ ದೋಣಿ ಹತ್ತಿ ಹೊಳೆ ದಾಟಿದರೆ ತಣ್ಣೀರುಬಾವಿ ಬೀಚು. ಕೊನೇ ದೋಣಿ ಎಷ್ಟು ಗಂಟೆಗೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಸುತ್ತು ಹಾಕಿ ಬರಬೇಕು. ಸೂರ್ಯ ಮುಳುಗೋದು ಡಿಸೆಂಬರ್ ಕೊನೆಯಲ್ಲಿ ಆರು ಗಂಟೆ ಹತ್ತು ನಿಮಿಷದ ಹೊತ್ತಿಗೆ.

ರಾತ್ರಿಗೆ ಯಕ್ಷಗಾನ. ಮೇಳಗಳ ತಿರುಗಾಟ ಶುರುವಾಗೋದೇ ನವೆಂಬರ್ ಹೊತ್ತಿಗೆ. ಕಟೀಲು ಮೇಳದಂಥ ಹರಕೆ ಆಟಗಳಿಗೆ ಟಿಕೆಟ್ ಇಲ್ಲ, ಯಾರು ಹೋಗಿ ಕೂತರೂ ಕೇಳೋರಿಲ್ಲ.

ಅಪ್ಪ ಒಂದು ಕೆಲಸವನ್ನೂ ಹಚ್ಚಿದ್ದರು, ಬಂದರ್ ಸಗಟು ಅಂಗಡಿಗಳಲ್ಲಿ ಗೋಡಂಬಿ ರೇಟು ಕೇಳಿಕೊಂಡು ಬಾ ಅಂತ. ಅಲ್ಲಿ ಡಬ್ಬದ ಮೇಲೆ ಡಬ್ಲ್ಯೂ 180, 240, 320 ಅಂತ ಬರೆದಿರುತ್ತೆ. ಒಂದು ಪೌಂಡಿಗೆ, ಅಂದ್ರೆ ಸುಮಾರು 454 ಗ್ರಾಂಗೆ, ಎಷ್ಟು ಬೀಜ ತೂಗುತ್ತೆ ಅನ್ನೋದು ಆ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ಬೀಜ ದಪ್ಪ, ರೇಟೂ ದಪ್ಪ. 320 ಅಂತ ಹೇಳಿ ಅದಕ್ಕಿಂತ ಸಣ್ಣ ಬೀಜ ಕೊಟ್ಟರೆ ಒಂದು ಪೌಂಡ್ ಎಣಿಸಿದರೆ ಸಿಕ್ಕಿಬೀಳುತ್ತೆ. ಇದು ನಮ್ಮ ಪೇಟೆ ಅಂಗಡಿಯವರಿಗೂ ಗೊತ್ತಿರಬೇಕಾದ ವಿಷಯ.

ಕೆರೆ ಈಜು ಸಮುದ್ರಕ್ಕೆ ಯಾಕೆ ಸಾಲದು?

ಮಳೆಗಾಲದಲ್ಲಿ ಸಮುದ್ರ ನೋಡಿದರೆ ಯಾರೂ ಇಳಿಯಲ್ಲ, ಅಷ್ಟು ಆರ್ಭಟ. ಡಿಸೆಂಬರ್‌ನಲ್ಲಿ ಅದು ಶಾಂತವಾಗಿ ಕಾಣುತ್ತೆ, ಮೋಸ ಆಗೋದು ಅಲ್ಲೇ. ಮುರುಡೇಶ್ವರದ ದುರಂತವೂ ಡಿಸೆಂಬರ್‌ನದ್ದೇ.

ಅಲೆಗಳು ಒಂದರ ಹಿಂದೆ ಒಂದು ನೀರನ್ನು ದಡಕ್ಕೆ ತಳ್ಳುತ್ತಲೇ ಇರುತ್ತವೆ. ಬಂದ ನೀರು ವಾಪಸ್ ಹೋಗಬೇಕಲ್ಲ? ದಡದ ಮುಂದೆ ನೀರಿನಡಿ ಮರಳಿನ ದಿಬ್ಬಗಳಿರುತ್ತವೆ. ಆ ದಿಬ್ಬಗಳ ನಡುವೆ ಎಲ್ಲಿ ಸಂದು ಇದೆಯೋ ಅಲ್ಲಿ ನೀರೆಲ್ಲ ಒಟ್ಟಾಗಿ ಹೊರಗೆ ನುಗ್ಗುತ್ತೆ. ಕೆರೆ ತೂಬು ಎತ್ತಿದಾಗ ನೀರು ಹೇಗೆ ಒಂದೇ ಕಡೆ ಎಳೆಯುತ್ತೋ ಹಾಗೆ. ಜೋರಾದ ಸೆಳೆತ ಸೆಕೆಂಡಿಗೆ ಎರಡು ಮೀಟರ್ ದಾಟಬಹುದು, ಎಂಥ ಈಜುಗಾರನೂ ಅದಕ್ಕೆ ಎದುರಾಗಿ ಬರೋಕಾಗಲ್ಲ. ದಿಬ್ಬದ ಮೇಲೆ ಅಲೆ ಒಡೆದು ಬೆಳ್ಳಗೆ ನೊರೆ ಕಾಣುತ್ತೆ. ಸಂದಿನ ಜಾಗದಲ್ಲಿ ಆಳ ಹೆಚ್ಚು, ಅಲೆ ಒಡೆಯಲ್ಲ, ನೀರು ಸ್ವಲ್ಪ ಕಪ್ಪಾಗಿ ಸುಮ್ಮನಿರುತ್ತೆ. ಹೊಸಬರು "ಇಲ್ಲಿ ಅಲೆ ಇಲ್ಲ, ಸೇಫು" ಅಂತ ಇಳಿಯೋದು ಸರಿಯಾಗಿ ಆ ಜಾಗಕ್ಕೇ.

ಈ ಸೆಳೆತ ಕೆಳಕ್ಕೆ ಎಳೆಯಲ್ಲ, ಒಳಕ್ಕೆ ಒಯ್ಯುತ್ತೆ. ಜನ ಸಾಯೋದು ದಡದ ಕಡೆಗೇ ಈಜಿ ಈಜಿ ಸುಸ್ತಾಗಿ. ಸಿಕ್ಕಿಬಿದ್ದವರು ದಡದ ಕಡೆ ಅಲ್ಲ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಬೇಕು. ಸೆಳೆತ ಅಗಲದಲ್ಲಿ ಕಿರಿದು, ಪಕ್ಕಕ್ಕೆ ಸರಿದರೆ ಬಿಡುತ್ತೆ. ಆಮೇಲೆ ಅಲೆಯ ಜೊತೆ ಓರೆಯಾಗಿ ದಡಕ್ಕೆ ಬರಬೇಕು. ಈಜೋಕೆ ಆಗದಿದ್ದರೆ ಮಲಗಿ ತೇಲಿ ಕೈ ಎತ್ತಬೇಕು. ದಡದಲ್ಲಿರೋ ಗೆಳೆಯ ಧೈರ್ಯ ಮಾಡಿ ಹಾರಬಾರದು. ಹೀಗೆ ಒಬ್ಬರ ಹಿಂದೆ ಒಬ್ಬರು ಹೋದ ಉದಾಹರಣೆ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತೆ. ಖಾಲಿ ಕ್ಯಾನು, ಹಗ್ಗ, ಟ್ಯೂಬು, ತೇಲೋದು ಏನು ಸಿಕ್ಕರೂ ಎಸೆದು, ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಬೇಕು. ನೀರಿಗಿಳಿಯೋದೇ ಆದರೆ ಪಣಂಬೂರಿನಂಥ ಜೀವರಕ್ಷಕರಿರುವ ಬೀಚಿನಲ್ಲಿ, ಅವರು ತೋರಿಸಿದ ಜಾಗದಲ್ಲಿ, ಮೊಣಕಾಲು ಮಟ್ಟಕ್ಕೆ ಸಾಕು. ಕತ್ತಲಾದ ಮೇಲೆ ಬೇಡ, ಕುಡಿದು ಬೇಡವೇ ಬೇಡ.

ಈ ಹುಡುಗನೂ ಪಣಂಬೂರಲ್ಲಿ ಸೊಂಟದವರೆಗೆ ಇಳಿದಿದ್ದ. ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳು ಜಾರಿ ಎರಡು ಹೆಜ್ಜೆ ಮುಂದಕ್ಕೆ ಹೋದ. ಸೀಟಿ ಊದಿದ್ದು ಕೇಳಿ ತಿರುಗಿ ಬಂದ. ಆ ಮಾತನ್ನು ಮನೆಯಲ್ಲಿ ಹೇಳಿದ್ದು ಎರಡು ತಿಂಗಳ ಮೇಲೆ.

ಚೀಟಿ

ಅರಸೀಕೆರೆ–ಹಾಸನ ಬಸ್ಸು ಎರಡೂ ಕಡೆ 100. ರೈಲು 110. ವಾಪಸ್ ಮಂಗಳೂರಿಂದ ಹಾಸನಕ್ಕೆ ಬಸ್ಸು 220. ರೂಮು 600. ಮೂರು ದಿನದ ಊಟ, ತಿಂಡಿ, ಟೀ 600. ಆಟೊ, ಸಿಟಿ ಬಸ್ಸು, ದೋಣಿ 150. ಗಡ್‌ಬಡ್ ಐಸ್‌ಕ್ರೀಮ್ 110, "ಅದು ಮಾತ್ರ ತಪ್ಪಿಸೋಕಾಗಲಿಲ್ಲ". ಒಟ್ಟು 1,890. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿದೆ, ಹಾಗಾಗಿ ಬಸ್ಸಿಗೇ ಐವತ್ತು ರೂಪಾಯಿ ಹತ್ತಿರ ಹೆಚ್ಚು ಹಿಡಿಯಬೇಕು. ರೈಲು, ಊಟ, ರೂಮು ಸೇರಿದರೆ ಈಗ 2,200 ಇಟ್ಟುಕೊಂಡು ಹೊರಡೋದು ಸರಿ.

ಮಿಕ್ಕ 110 ರೂಪಾಯಿಗೆ ಬೇಕರಿಯಲ್ಲಿ ಒಂದು ಪೊಟ್ಟಣ ಕುಸ್ವಾರ್ ತಂದಿದ್ದ, ಕ್ರಿಸ್‌ಮಸ್‌ಗೆ ಅಲ್ಲಿನವರು ಮಾಡೋ ತಿಂಡಿಗಳು. ಪಿಯುಸಿ ಓದ್ತಿದ್ದ ತಂಗಿ ಅದನ್ನು ತಿನ್ನುತ್ತಾ ಚೀಟಿ ಓದಿ, ಪೆನ್ನು ತಗೊಂಡು ಬಸ್ಸಿನ 320 ರೂಪಾಯಿ ಹೊಡೆದು ಹಾಕಿದಳು. ಲೆಕ್ಕ ಸರಿಯಾಗೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಕೆಎಸ್ಆರ್‌ಟಿಸಿಯ ಸಾಮಾನ್ಯ ಮತ್ತು ವೇಗದೂತ ಬಸ್ಸಲ್ಲಿ ಟಿಕೆಟ್ ಇಲ್ಲ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತಗೋಬೇಕು ಅಷ್ಟೇ. ರಾಜಹಂಸ, ಐರಾವತಕ್ಕೆ ನಡೆಯಲ್ಲ, ಮಂಗಳೂರಿನ ಖಾಸಗಿ ಸಿಟಿ ಬಸ್ಸಿಗೂ ನಡೆಯಲ್ಲ. ರೈಲು ಬಿಟ್ಟು ಹೋಗುವಾಗಲೂ ಬಸ್ಸೇ ಹಿಡಿದರೆ ಅದರ 110 ಕೂಡ ಉಳಿಯುತ್ತೆ. ಅಣ್ಣನ 1,890ರ ಪ್ರವಾಸ ಅವಳಿಗೆ 1,460.

"ನಾನೂ ನನ್ನ ಫ್ರೆಂಡ್ಸೂ ಡಿಗ್ರಿಗೆ ಬಂದ ಮೇಲೆ ಹೋಗ್ತೀವಿ ಅಪ್ಪ" ಅಂದಳು. ಅಪ್ಪ ಚೀಟಿ ಮಡಚಿ ಗಲ್ಲಾಪೆಟ್ಟಿಗೆಯಲ್ಲಿಟ್ಟು "ನೋಡೋಣ" ಅಂದರು. ಅವಳು ಈಗ ಡಿಗ್ರಿಯಲ್ಲಿದ್ದಾಳೆ, ಚೀಟಿ ಇನ್ನೂ ಅಲ್ಲೇ ಇದೆ.