ಆರೋ, ಒಂಬತ್ತೋ? ಮಸುಕಾದ ಸ್ಕ್ಯಾನ್ ಓದಿದ ಕತೆ

ಇವತ್ತು ಒಂದು ಕಾಗದದ ಕತೆ ಹೇಳ್ತೀನಿ. ಮೊಬೈಲಲ್ಲಿ ಹಳೇ ದಾಖಲೆಯ ಫೋಟೋ ಇಟ್ಕೊಂಡು, ಜೂಮ್ ಮಾಡಿ ಮಾಡಿ ಕಣ್ಣು ಕೆಡಿಸಿಕೊಂಡವರಿಗೆ ಇದು ಉಪಯೋಗಕ್ಕೆ ಬರುತ್ತೆ.

ನಮ್ಮೂರು ತುರುವೇಕೆರೆ ತಾಲ್ಲೂಕು, ದಬ್ಬೇಘಟ್ಟದ ಹತ್ತಿರ. ತೆಂಗಿನ ಸೀಮೆ. ಹೋದ ಬೇಸಿಗೆಯಲ್ಲಿ ದೊಡ್ಡಪ್ಪ ಫೋನ್ ಮಾಡಿದ್ರು. "ಲೋ, ಪಾರೀಕತ್ತು ಕಳ್ಸೀವ್ನಿ ನೋಡ್ಲಾ. ದಾರಿ ಎಷ್ಟಡಿ ಅಂತ ಬರ್ದೈತೆ, ಓದಿ ಹೇಳು. ನಂಗೆ ಕಾಣಾಕಿಲ್ಲ." ತಾತ ಮತ್ತು ಅವರ ತಮ್ಮ 1960ರ ದಶಕದಲ್ಲಿ ಭಾಗ ಆದಾಗ ಬರೆಸಿದ ಪತ್ರ ಅದು. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಚಿಕ್ಕ ತಾತನ ಮೊಮ್ಮಗ ಈಗ ತನ್ನ ಭಾಗಕ್ಕೆ ತಂತಿ ಬೇಲಿ ಹಾಕ್ತೀನಿ ಅಂತಿದ್ದ. ನಮ್ಮ ತೋಟಕ್ಕೆ ಹೋಗೋ ಗಾಡಿ ದಾರಿ ಅವನ ಬದುವಿನ ಪಕ್ಕದಲ್ಲೇ. ಒಂಬತ್ತು ಅಡಿ ಅಂತಿದ್ರೆ ಟ್ರ್ಯಾಕ್ಟರ್ ಒಳಗೆ ಬರುತ್ತೆ, ಆರು ಅಂತಿದ್ರೆ ಇಲ್ಲ. ಪತ್ರ ನೋಂದಣಿ ಆಗಿರಲಿಲ್ಲ. ಆಗಿದ್ರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ತಗೋಬಹುದಿತ್ತು. ಎರಡೂ ಮನೆಗೆ ಇದೊಂದೇ ಕಾಗದ ಆಧಾರ.

ವಾಟ್ಸಾಪಲ್ಲಿ ಬಂದ ಫೈಲ್ ತೆಗೆದೆ. ಅರ್ಧ ಪುಟ ಕಪ್ಪು ಮಸಿ, ಅರ್ಧ ಪುಟ ಖಾಲಿ. ಜೆರಾಕ್ಸ್ ಅಂಗಡಿಯಲ್ಲಿ ಬ್ಲ್ಯಾಕ್ ಅಂಡ್ ವೈಟ್ ಸ್ಕ್ಯಾನ್ ಮಾಡಿಸಿದ್ರು. ಇಲ್ಲೇ ಮೊದಲ ಪಾಠ ಇದೆ. ಅಂಥ ಸ್ಕ್ಯಾನಲ್ಲಿ ಯಂತ್ರ ಪ್ರತಿಯೊಂದು ಚುಕ್ಕಿಗೂ "ಕಪ್ಪಾ, ಬಿಳಿಯಾ" ಅಂತ ಆಗಲೇ ತೀರ್ಪು ಕೊಟ್ಟುಬಿಟ್ಟಿರುತ್ತೆ. ಮಧ್ಯದ ಬೂದು ಛಾಯೆಗಳು ಹೋದಮೇಲೆ ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ. ಅದರ ಮೇಲೆ ವಾಟ್ಸಾಪ್‌ಗೆ ಫೋಟೋ ಆಗಿ ಹಾಕಿದ್ರೆ ಅದು ಇನ್ನಷ್ಟು ಹಿಂಡಿ ಸಣ್ಣದು ಮಾಡುತ್ತೆ. ಅಕ್ಷರದ ಸುತ್ತ ಕೊಳಕು ಚೌಕಗಳು ಹುಟ್ಟಿಕೊಳ್ಳುತ್ತವೆ. ಕಳಿಸೋದಾದ್ರೆ 'ಡಾಕ್ಯುಮೆಂಟ್' ಆಗಿ ಕಳಿಸಿ.

ಹಾಗಾಗಿ ಭಾನುವಾರ ಊರಿಗೇ ಹೋದೆ. ಕಾಗದ ಟ್ರಂಕಲ್ಲಿತ್ತು, ಟ್ರಂಕು ಅಟ್ಟದ ಮೇಲಿತ್ತು. ನಮ್ಮ ಕಡೆ ಅಟ್ಟ ಅಂದ್ರೆ ಗೊತ್ತಲ್ಲ, ಉಂಡೆ ಕೊಬ್ಬರಿ ಆಗೋಕೆ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಕೂರೋ ಜಾಗ. ಕೆಳಗೆ ಸೌದೆ ಒಲೆ. ಐವತ್ತು ವರ್ಷದ ಹೊಗೆ ಕುಡಿದು ಕಾಗದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ನೀಲಿ ಶಾಯಿ ಮಾಸಿತ್ತು. ಪ್ರತಿ ಹಬ್ಬಕ್ಕೂ ದೇವರ ಮುಂದೆ ಇಟ್ಟು ಪೂಜೆ ಮಾಡಿದ್ದಕ್ಕೆ ಅರಿಶಿನ ಕುಂಕುಮದ ಕಲೆ. ಅದೂ ಎಲ್ಲಿ? ಸರಿಯಾಗಿ 'ದಾರಿ' ಅನ್ನೋ ಸಾಲಿನ ಮೇಲೆ!

ಜಗಲಿ ಮೇಲೆ, ನೇರ ಬಿಸಿಲು ಬೀಳದ ಕಡೆ ಕಾಗದ ಹರಡಿದೆ. ಅಡಿಗೆ ಒಂದು ಕಪ್ಪು ಡ್ರಾಯಿಂಗ್ ಶೀಟ್ ಇಟ್ಟೆ. ಕಾಗದ ತೆಳು ಇದ್ದಾಗ ಹಿಂದಿನ ಪುಟದ ಬರಹ ಮುಂದಕ್ಕೆ ಇಣುಕುತ್ತೆ. ಅಡಿಗೆ ಕಪ್ಪು ಇದ್ರೆ ಆ ಇಣುಕಾಟ ಕಡಿಮೆ. ಫ್ಲ್ಯಾಶ್ ಹಾಕಲಿಲ್ಲ, ಬಣ್ಣದಲ್ಲೇ ತೆಗೆದೆ. ಸ್ಕ್ಯಾನರ್ ಸಿಗೋದಾದ್ರೆ ಬಣ್ಣದಲ್ಲಿ, 300 ಡಿಪಿಐಗೆ ಕಡಿಮೆ ಇಲ್ಲದಂತೆ, ಸಣ್ಣ ಬರಹಕ್ಕೆ 600ರಲ್ಲಿ ಮಾಡಿಸಿ. "ಕಪ್ಪು ಬಿಳಿ ಕಾಗದಕ್ಕೆ ಬಣ್ಣ ಯಾಕೆ" ಅಂತ ಅಂಗಡಿಯವರು ಕೇಳ್ತಾರೆ. ಬಣ್ಣದಲ್ಲೇ ಗುಟ್ಟು ಇರೋದು.

ಹೇಗೆ ಅಂದ್ರೆ, ಪ್ರತಿ ಬಣ್ಣದ ಚಿತ್ರದೊಳಗೂ ಮೂರು ಚಿತ್ರ ಇರ್ತವೆ: ಕೆಂಪು, ಹಸಿರು, ನೀಲಿ. ಕುಂಕುಮ ಕೆಂಪು ಬೆಳಕನ್ನ ವಾಪಸ್ ಕಳಿಸುತ್ತೆ, ಅದಕ್ಕೇ ಕೆಂಪಾಗಿ ಕಾಣೋದು. ಅರಿಶಿನವೂ ಕೆಂಪು ಬೆಳಕನ್ನ ಚೆನ್ನಾಗೇ ವಾಪಸ್ ಕಳಿಸುತ್ತೆ, ಹಳದಿ ತಿರುಗಿದ ಕಾಗದವೂ ಅಷ್ಟೇ. ಹಾಗಾಗಿ ಕೆಂಪು ಚಿತ್ರ ಒಂದನ್ನೇ ತೆಗೆದು ನೋಡಿದ್ರೆ ಈ ಮೂರೂ ಬೆಳ್ಳಗೆ ಕಾಣುತ್ತವೆ, ಕಲೆ ಕರಗಿಹೋಗುತ್ತೆ. ನೀಲಿ ಶಾಯಿ ಮಾತ್ರ ಕೆಂಪು ಬೆಳಕನ್ನ ನುಂಗುತ್ತೆ, ಅದು ಕಪ್ಪಾಗಿ ನಿಲ್ಲುತ್ತೆ. ಗಿಂಪ್ ಅಂತ ಉಚಿತ ಸಾಫ್ಟ್‌ವೇರ್ ಇದೆಯಲ್ಲ, ಅದರಲ್ಲಿ ಕಲರ್ಸ್, ಕಾಂಪೊನೆಂಟ್ಸ್, ಡಿಕಂಪೋಸ್ ಅಂತ ಹೋದ್ರೆ ಮೂರನ್ನೂ ಬಿಡಿಸಿ ಕೊಡುತ್ತೆ. ಫೋನಲ್ಲಾದ್ರೆ ಸ್ನ್ಯಾಪ್‌ಸೀಡ್‌ನ ಬ್ಲ್ಯಾಕ್ ಅಂಡ್ ವೈಟ್ ಟೂಲಲ್ಲಿ ಕಲರ್ ಫಿಲ್ಟರ್ ಇದೆ, ಕೆಂಪು ಆರಿಸಿ. ನಿಮ್ಮ ಕಾಗದದ ಬರಹವೇ ಕೆಂಪು ಶಾಯಿ ಆಗಿದ್ರೆ ಉಲ್ಟಾ, ಹಸಿರನ್ನೋ ನೀಲಿಯನ್ನೋ ನೋಡಬೇಕು. ನಾನು ಆ ಕೆಂಪು ಚಿತ್ರ ತೆರೆದಾಗ ಕುಂಕುಮದ ಬೊಟ್ಟು ಮಾಯ! ದೊಡ್ಡಮ್ಮನಿಗೆ ತೋರಿಸಿದೆ. "ಅಯ್ಯೋ, ಕುಂಕುಮ ಅಳಿಸ್ಬಾರ್ದು ಕಣಪ್ಪ" ಅಂದ್ರು. ಕಾಗದದ ಮೇಲೆ ಹಾಗೇ ಐತೆ ದೊಡ್ಡಮ್ಮ ಅಂತ ಸಮಾಧಾನ ಮಾಡಬೇಕಾಯ್ತು.

ಈ ವಿದ್ಯೆ ಹೊಸದೇನಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಉಡುಪಿಯಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಹಳೆಯ ತಾಳೆಗರಿಗಳನ್ನ ಹೀಗೇ ಉಳಿಸಿಕೊಂಡರು. ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಆ ಕೆಲಸ ಮಾಡಿದವರು. ಗರಿ ಕಂದಾಗಿ, ಮಸಿಗೂ ಗರಿಗೂ ವ್ಯತ್ಯಾಸವೇ ಕಾಣದಂತಾಗಿತ್ತು. ಅವರು ಕೆಂಪನ್ನೂ ದಾಟಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಲ್ಲಿ ಫೋಟೋ ತೆಗೆದರು. ಆ ಬೆಳಕಲ್ಲಿ ಕಂದು ಗರಿ ಬೆಳಗಿತು, ಮಸಿ ಕಪ್ಪಾಗೇ ಉಳಿಯಿತು. ಈಸ್ಟನ್ ಅದಕ್ಕೂ ಮುಂಚೆ ಆರ್ಕಿಮಿಡೀಸ್‌ನ ಅಳಿಸಿಹೋದ ಹಸ್ತಪ್ರತಿ ಓದಿಸಿದ ತಂಡದಲ್ಲಿದ್ದವರು.

ನನ್ನ ಕಾಗದಕ್ಕೆ ವಾಪಸ್ ಬರ್ತೀನಿ. ಕಲೆ ಹೋಯ್ತು, ಆದ್ರೆ ಮಡಿಕೆ ಇದ್ದ ಕಡೆ ಇನ್ನೂ ನೆರಳು. ಇಲ್ಲಿ ಇಡೀ ಪುಟದ ಬೆಳಕು ಜಾಸ್ತಿ ಮಾಡಿದ್ರೆ ನೆರಳಿಲ್ಲದ ಕಡೆ ಅಕ್ಷರ ಸುಟ್ಟುಹೋಗುತ್ತೆ. ಅದಕ್ಕೆ ಆ ಚಿತ್ರದ್ದೇ ಇನ್ನೊಂದು ಪ್ರತಿಯನ್ನ ಮೇಲೆ ಇಟ್ಟು, ಅಕ್ಷರ ಯಾವುದೂ ಕಾಣದಷ್ಟು ಬ್ಲರ್ ಮಾಡಿ, ಲೇಯರ್ ಮೋಡನ್ನ 'ಡಿವೈಡ್' ಅಂತ ಇಡಬೇಕು. ಪ್ರತಿ ಚುಕ್ಕಿಯನ್ನೂ ಅದರ ಸುತ್ತಮುತ್ತಲಿನ ಸರಾಸರಿಯಿಂದ ಭಾಗಿಸಿದ ಹಾಗೆ. ನೆರಳಲ್ಲಿರೋ ಅಕ್ಷರವನ್ನ ನೆರಳಿನ ಜೊತೆಗೇ ಹೋಲಿಸ್ತೀರಿ, ಪಕ್ಕದ ಬೆಳಕಿನ ಜೊತೆಗಲ್ಲ. ಪುಟ ಪೂರ್ತಿ ಒಂದೇ ಸಮ ಆಗುತ್ತೆ.

ಆಮೇಲೆ 'ಲೆವೆಲ್ಸ್'. ಕಂಪ್ಯೂಟರಿಗೆ ಕಪ್ಪು ಅಂದ್ರೆ 0, ಬಿಳಿ ಅಂದ್ರೆ 255. ಮಾಸಿದ ಕಾಗದದಲ್ಲಿ ಶಾಯಿ 120, ಕಾಗದ 165 ಅಂತಿದ್ರೆ ನಡುವೆ ಬರೀ 45 ಮೆಟ್ಟಿಲು. ಕಣ್ಣಿಗೆ ಎರಡೂ ಬೂದು. ಲೆವೆಲ್ಸ್‌ನಲ್ಲಿ ಎಡಗಡೆ ಗುಂಡಿಯನ್ನ 120ರ ಹತ್ತಿರ, ಬಲಗಡೆಯದನ್ನ 165ರ ಹತ್ತಿರ ತಂದ್ರೆ ಆ 45 ಮೆಟ್ಟಿಲು 0ರಿಂದ 255ರವರೆಗೆ ಹಿಗ್ಗುತ್ತೆ. ಬ್ರೈಟ್‌ನೆಸ್ ಗುಂಡಿ ತಿರುಗಿಸೋದಕ್ಕಿಂತ ಇದು ಎಷ್ಟೋ ವಾಸಿ.

ಇಷ್ಟಕ್ಕೆ ನಿಲ್ಲಿಸಿ. ಪೂರ್ತಿ ಕಪ್ಪು ಬಿಳಿ ಮಾಡೋ 'ಥ್ರೆಶೋಲ್ಡ್' ಆಸೆಗೆ ಬೀಳಬೇಡಿ. ಕನ್ನಡದಲ್ಲಿ ಒಂದು ಕೊಂಬು, ಒಂದು ಒತ್ತು, ಒಂದು ಸೊನ್ನೆ ಹೋದ್ರೆ ಪದವೇ ಬೇರೆ, ಮತ್ತೆ ಮೊದಲು ಹೋಗೋದೇ ಆ ಸಣ್ಣ ಗೆರೆಗಳು. ಪುಸ್ತಕದಂಥ ನೂರಾರು ಪುಟದ ಅಚ್ಚಾದ ಸ್ಕ್ಯಾನ್ ಇದ್ರೆ ಸ್ಕ್ಯಾನ್ ಟೇಲರ್ ಅನ್ನೋ ಉಚಿತ ಸಾಫ್ಟ್‌ವೇರ್ ಚೆನ್ನಾಗಿ ಮಾಡುತ್ತೆ. ಕೈಬರಹಕ್ಕೆ ಬೂದು ಇರಲಿ. ಸೇವ್ ಮಾಡೋದು ಪಿಎನ್‌ಜಿ ಅಥವಾ ಟಿಫ್‌ನಲ್ಲಿ.

ಈಗ ಆ ಸಾಲು. "ಗಾಡಿ ದಾರಿ" ಸ್ಪಷ್ಟವಾಯ್ತು. ಮುಂದೆ ಕನ್ನಡ ಅಂಕಿ. ೬ ಅಥವಾ ೯. ಬಾಲದ ಜಾಗದಲ್ಲಿ ಸರಿಯಾಗಿ ಕಾಗದ ಸವೆದಿತ್ತು. ಆತುರಕ್ಕೆ ಎಐ ಹಾಕಿ ಚಿತ್ರ ಚಂದ ಮಾಡೋ ಒಂದು ಆ್ಯಪ್‌ಗೆ ಕೊಟ್ಟೆ. ಮುತ್ತಿನಂಥ ಒಂಬತ್ತು ಬಂತು! ದೊಡ್ಡಪ್ಪನ ಮುಖ ಅರಳಿತು. "ನಾ ಹೇಳ್ಲಿಲ್ವಾ?"

ನನಗೆ ಯಾಕೋ ಅನುಮಾನ. ಇಂಥ ಆ್ಯಪ್‌ಗಳು ಇರೋದನ್ನ ಸ್ಪಷ್ಟ ಮಾಡೋದಷ್ಟೇ ಅಲ್ಲ, ಇಲ್ಲದ್ದನ್ನ ಊಹಿಸಿ ತುಂಬುತ್ತವೆ. ಎಐ ಇಲ್ಲದ ಕಾಲದಲ್ಲೂ ಹೀಗಾಗಿದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನೋರು ಒಂದು ಮನೆ ನಕ್ಷೆ ಸ್ಕ್ಯಾನ್ ಮಾಡಿದಾಗ 21.11 ಚದರ ಮೀಟರ್ ಅಂತಿದ್ದ ಕೋಣೆ ಪ್ರತಿಯಲ್ಲಿ 14.13 ಆಗಿತ್ತು. ಜೆರಾಕ್ಸ್ ಕಂಪನಿಯ ಯಂತ್ರ ಫೈಲ್ ಸಣ್ಣದು ಮಾಡೋಕೆ, ಒಂದೇ ಥರ ಕಾಣೋ ತುಣುಕುಗಳಿಗೆಲ್ಲ ಒಂದೇ ಚಿತ್ರ ಅಂಟಿಸ್ತಿತ್ತು. ಅಕ್ಷರ ಮಸುಕಾಗಿರಲಿಲ್ಲ, ನೀಟಾಗೇ ತಪ್ಪಾಗಿತ್ತು. ಕಂಪನಿ ಆಮೇಲೆ ಸಾಫ್ಟ್‌ವೇರ್ ಸರಿ ಮಾಡಿತು.

ಹಳೇ ಪತ್ರ ಬರೆಯೋರು ಅಂಕಿ ಬರೆದಮೇಲೆ ಅಕ್ಷರದಲ್ಲೂ ಬರೀತಿದ್ರು. ಆ ಪದ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ಆ ಭಾಗ ಒಂದನ್ನೇ ಹತ್ತಿರದಿಂದ, ಪಕ್ಕದಿಂದ ಟಾರ್ಚ್ ಬಿಟ್ಟು ಮತ್ತೆ ತೆಗೆದೆ. ಕೆಂಪು, ಡಿವೈಡ್, ಲೆವೆಲ್ಸ್. ಎರಡೇ ಅಕ್ಷರದ ಪದ. ಮೊದಲನೆಯದು ಅರ್ಧ ಹೋಗಿತ್ತು. ಎರಡನೆಯದು 'ರು'. ಒಂಬತ್ತು ಅಂದ್ರೆ ನಾಲ್ಕು ಅಕ್ಷರದ ಜಾಗ ಬೇಕು, ಕೆಳಗೆ ಒತ್ತು ಇರಬೇಕು. ಅಲ್ಲಿ ಜಾಗವೂ ಇಲ್ಲ, ಒತ್ತೂ ಇಲ್ಲ.

ದೊಡ್ಡಪ್ಪನಿಗೆ ಲ್ಯಾಪ್‌ಟಾಪ್ ತಿರುಗಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ್ರು. "ಆ ಇನ್ನೊಂದು ಚಿತ್ರದಾಗೆ ಒಂಬತ್ತಿತ್ತಲ್ಲ?" ಅಂದ್ರು. ಅದು ಕಾಗದದ್ದಲ್ಲ ದೊಡ್ಡಪ್ಪ, ಆ್ಯಪ್ ಬರೆದಿದ್ದು ಅಂದೆ. ಕಚೇರಿಗೋ ಕೋರ್ಟಿಗೋ ಹೋದ್ರೆ ಕೇಳೋದು ಮೂಲ ಕಾಗದವನ್ನೇ. ನಾವು ಮಾಡಿದ ಚಿತ್ರ ಓದಿಕೊಳ್ಳೋಕೆ ಅಷ್ಟೇ. ಅವರು ಏನೂ ಹೇಳದೆ ಎದ್ದು ಎಲೆ ಅಡಿಕೆ ಹಾಕ್ಕೊಂಡು ಹಿತ್ತಲಿಗೆ ಹೋದ್ರು.

ಎರಡೂ ಚಿತ್ರ ಚಿಕ್ಕ ತಾತನ ಮೊಮ್ಮಗನಿಗೂ ಕಳಿಸಿದೆ, ಡಾಕ್ಯುಮೆಂಟ್ ಆಗಿ, ಮೂಲ ಫೋಟೋ ಸಮೇತ. ಮುಂದಿನ ವಾರ ಇಬ್ಬರೂ ಸೇರಿ ಟೇಪ್ ಹಿಡಿದು ಆರಡಿ ಅಳೆದು ಕಲ್ಲು ನೆಟ್ಟರು. ಬೇಲಿ ಆಯ್ತು. ಟ್ರ್ಯಾಕ್ಟರ್ ರಸ್ತೆಯಲ್ಲೇ ನಿಲ್ಲುತ್ತೆ. ಕಾಯಿ ಈಗ ಲಗೇಜ್ ಆಟೋದಲ್ಲಿ ತೋಟದಿಂದ ಆಚೆ ಬರುತ್ತೆ, ಎರಡು ಟ್ರಿಪ್ ಜಾಸ್ತಿ.