ಎರಡು ಬೋನಸ್ ಒಟ್ಟಿಗೆ ಸಿಗುತ್ತಾ? ‘ಶ್ಯಾಡೋರನ್’ ಆಟದ ದಾಳದ ತಕರಾರು
1989ರಲ್ಲಿ ಅಮೆರಿಕದಲ್ಲಿ ಬಂದ ‘ಶ್ಯಾಡೋರನ್’, ಮೇಜಿನ ಸುತ್ತ ಕೂತು ಕಥೆ ಕಟ್ಟುತ್ತ ದಾಳ ಹಾಕುವ ಆಟ. ಇದರಲ್ಲಿ ‘ರಿಗ್ಗರ್’ ಪಾತ್ರದವರು ದೂರದಿಂದಲೇ ಡ್ರೋನ್, ವಾಹನ ಓಡಿಸ್ತಾರೆ.

5ನೇ ಆವೃತ್ತಿಯಲ್ಲಿ ತಲೆಯೊಳಗಿನ ‘ಕಂಟ್ರೋಲ್ ರಿಗ್’ ವಾಹನ ಓಡಿಸಲು 1ರಿಂದ 3 ಹೆಚ್ಚುವರಿ ದಾಳ ಕೊಡುತ್ತೆ. ‘ಹಾಟ್ ಸಿಮ್’ 2 ದಾಳ ಕೊಡುತ್ತೆ, ಆದರೆ ನೆಟ್‌ವರ್ಕ್ ಕೆಲಸಕ್ಕೆ. ಹಾಗಾದರೆ ದೂರದಿಂದ ಓಡಿಸೋದು ನೆಟ್‌ವರ್ಕ್ ಕೆಲಸವೇ? ಒಂದೇ ಬಿಲ್ಲಿಗೆ ಎರಡು ಆಫರ್ ಕೇಳಿದ ಹಾಗೆ, ಜಗಳ ಇಲ್ಲೇ.

5 ಅಥವಾ 6 ಬಿದ್ದ ದಾಳ ಮಾತ್ರ ಲೆಕ್ಕಕ್ಕೆ. ಮೂರು ದಾಳಕ್ಕೆ ಸರಾಸರಿ ಒಂದು. ಆದ್ದರಿಂದ 2 ದಾಳ ಸಣ್ಣದಲ್ಲ, ಡ್ರೋನ್ ಉಳಿಯೋದು ಬೀಳೋದು ಅದರಲ್ಲೇ.

ಮನಸ್ಸನ್ನೇ ವಾಹನಕ್ಕೆ ಇಳಿಸಿದಾಗ ಎರಡೂ ಸೇರಿಸೋದು ನ್ಯಾಯ. ಹಾಟ್ ಸಿಮ್‌ನಲ್ಲಿ ನೆಟ್‌ವರ್ಕ್ ಪೆಟ್ಟು ನೇರ ಮೈಗೇ ಬೀಳುತ್ತಲ್ಲ! ಬರೀ ಪರದೆ ನೋಡಿ ಓಡಿಸಿದರೆ ಎರಡೂ ಇಲ್ಲ. ಕೊನೆಯ ಮಾತು ಆಟ ನಡೆಸುವವರದ್ದು. ಅದೇ ಲೆಕ್ಕ ಎದುರಾಳಿ ಡ್ರೋನ್‌ಗೂ ಇರಲಿ.