80 ವರ್ಷ ನಡೆದ ಆಪರೇಷನ್, ಅದನ್ನು ನಿಲ್ಲಿಸಿದ ಚೀಟಿ ಎತ್ತುವ ಪ್ರಯೋಗ

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತಿನ ಕಥೆಗೆ ಸ್ವಲ್ಪ ಗಟ್ಟಿ ಮನಸ್ಸು ಬೇಕು, ಮೊದಲೇ ಹೇಳಿಬಿಡ್ತೀನಿ.

1970ರ ದಶಕದ ಆರಂಭ, ಅಮೆರಿಕ. ಒಬ್ಬ ಹೆಂಗಸಿಗೆ ಎದೆಯಲ್ಲಿ ಗಂಟು ಸಿಗುತ್ತೆ. ಆಸ್ಪತ್ರೆಯವರು ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಂಡು, ಅರಿವಳಿಕೆ ಕೊಟ್ಟು, ಗಂಟಿನ ಚೂರು ತೆಗೆದು ಲ್ಯಾಬ್‌ಗೆ ಕಳಿಸ್ತಾರೆ. ಸ್ವಲ್ಪ ಹೊತ್ತಲ್ಲೇ ಉತ್ತರ ಬರುತ್ತೆ. ಕ್ಯಾನ್ಸರ್ ಅಲ್ಲ ಅಂದ್ರೆ ಹೊಲಿಗೆ ಹಾಕಿ ಎಬ್ಬಿಸ್ತಾರೆ. ಕ್ಯಾನ್ಸರ್ ಹೌದು ಅಂದ್ರೆ ಎಬ್ಬಿಸಿ ಕೇಳೋದಿಲ್ಲ. ಅದೇ ಟೇಬಲ್ ಮೇಲೆ ಪೂರ್ತಿ ಸ್ತನ, ಅದರ ಕೆಳಗಿನ ಎದೆಯ ಸ್ನಾಯುಗಳು, ಕಂಕುಳಿನ ಲಿಂಫ್ ಗ್ರಂಥಿಗಳು, ಎಲ್ಲವನ್ನೂ ತೆಗೆದುಬಿಡ್ತಾರೆ. ಎಚ್ಚರ ಆದಮೇಲೆ ಎದೆ ಮೇಲಿನ ಬ್ಯಾಂಡೇಜ್ ನೋಡಿಯೇ ಅವಳಿಗೆ ಗೊತ್ತಾಗಬೇಕು, ತನಗೆ ಕ್ಯಾನ್ಸರ್ ಇತ್ತು ಅಂತ.

ಇದನ್ನ ಮಾಡ್ತಿದ್ದವರು ಅರೆಬರೆ ಕಲಿತವರಲ್ಲ. ಆ ಕಾಲಕ್ಕೆ ಜಗತ್ತಿನಲ್ಲೇ ಒಳ್ಳೆಯ ತರಬೇತಿ ಅನ್ನಿಸಿಕೊಂಡದ್ದನ್ನ ಪಡೆದ ಸರ್ಜನ್‌ಗಳು. ನನ್ನ ಪ್ರಕಾರ ಆ ತರಬೇತಿಯಲ್ಲೇ ಒಂದು ತೊಡಕಿತ್ತು. ಅದೇನು ಅಂತ ತಿಳಿಯೋಕೆ ಬಾಲ್ಟಿಮೋರ್‌ಗೆ ಹೋಗಬೇಕು.

ಅಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾಯ್ತು, 1893ರಲ್ಲಿ ಅದರ ಜೊತೆಗೇ ವೈದ್ಯಕೀಯ ಶಾಲೆ. ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ವಿಲಿಯಂ ಹಾಲ್‌ಸ್ಟೆಡ್. ವಿಚಿತ್ರ ಮನುಷ್ಯ. 1884ರ ಹೊತ್ತಿಗೆ ಕೊಕೇನ್‌ನಿಂದ ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸಬಹುದು ಅನ್ನೋ ಸುದ್ದಿ ಬಂದಾಗ, ಇವರು ತಮ್ಮ ಮೈಗೇ ಚುಚ್ಚಿಕೊಂಡು ಪ್ರಯೋಗ ಮಾಡಿದ್ರು. ಚಟ ಹಿಡೀತು. ಬಿಡಿಸೋಕೆ ಮಾರ್ಫಿನ್ ಕೊಟ್ರು, ಮಾರ್ಫಿನ್ ಕೊನೆವರೆಗೂ ಅಂಟಿಕೊಂಡಿತು. ಜೊತೆಗಿದ್ದ ವಿಲಿಯಂ ಆಸ್ಲರ್ ಇದನ್ನ ಗುಟ್ಟಾಗಿ ಬರೆದಿಟ್ಟಿದ್ದರು, ಆ ಬರಹ ತೆರೆದದ್ದು 1969ರಲ್ಲಿ.

ಆದ್ರೆ ಕೆಲಸದಲ್ಲಿ ಆಸಾಮಿ ಅಪ್ರತಿಮ. ಅವಸರ ಇಲ್ಲ, ರಕ್ತ ಪೋಲಾಗಬಾರದು, ಅಂಗಾಂಶವನ್ನ ನಾಜೂಕಾಗಿ ಮುಟ್ಟಬೇಕು. ಆಪರೇಷನ್ ಥಿಯೇಟರ್‌ನಲ್ಲಿ ರಬ್ಬರ್ ಕೈಗವಸು ಬಂದದ್ದರ ಹಿಂದೆಯೂ ಇವರೇ ಇದ್ದಾರೆ. ಕ್ಯಾರೊಲಿನ್ ಹ್ಯಾಂಪ್ಟನ್ ಅನ್ನೋ ನರ್ಸ್ ಕೈಗೆ ಕ್ರಿಮಿನಾಶಕ ದ್ರಾವಣದಿಂದ ಗುಳ್ಳೆ ಏಳ್ತಿತ್ತು ಅಂತ ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ಗ್ಲೌಸ್ ಮಾಡಿಸಿದ್ರು. 1890ರಲ್ಲಿ ಅವರನ್ನೇ ಮದುವೆಯೂ ಆದ್ರು. ಆ ಗ್ಲೌಸ್ ಮಾಡಿಸಿದ್ದು ರೋಗಿಗೆ ಸೋಂಕು ತಡೆಯೋಕೆ ಅಂತಲ್ಲ. ಗ್ಲೌಸ್ ಹಾಕಿದಾಗ ಸೋಂಕು ಕಡಿಮೆ ಅಂತ ಲೆಕ್ಕ ಹಾಕಿ ತೋರಿಸಿದ್ದು ಅವರ ಶಿಷ್ಯ ಜೋಸೆಫ್ ಬ್ಲಡ್‌ಗುಡ್, 1899ರಲ್ಲಿ, ಹರ್ನಿಯಾ ರೋಗಿಗಳ ದಾಖಲೆ ತೆಗೆದು. ಕಣ್ಣೆದುರೇ ಇದ್ದ ಲಾಭ ಕಾಣೋಕೆ ಯಾರಾದ್ರೂ ಕೂತು ಎಣಿಸಬೇಕಾಯ್ತು. ಇದನ್ನ ನೆನಪಿಟ್ಕೊಳ್ಳಿ.

ಇನ್ನು ತರಬೇತಿ. ಜರ್ಮನಿಯಲ್ಲಿ ನೋಡಿದ್ದ ಪದ್ಧತಿಯನ್ನ ಹಾಲ್‌ಸ್ಟೆಡ್ ಇಲ್ಲಿಗೆ ತಂದ್ರು. ಕಲಿಯೋ ಡಾಕ್ಟರ್ ಆಸ್ಪತ್ರೆಯಲ್ಲೇ ವಾಸ ಮಾಡಬೇಕು. 'ರೆಸಿಡೆಂಟ್' ಅನ್ನೋ ಪದವೇ ಅಲ್ಲಿಂದ. ವರ್ಷ ಕಳೆದ ಹಾಗೆ ಜವಾಬ್ದಾರಿ ಏರುತ್ತೆ, ಕೊನೆಗೆ ಮೇಲೆ ಉಳಿಯೋದು ಒಬ್ಬರೇ. ಅಲ್ಲಿಗೆ ಮುಟ್ಟೋಕೆ ಎಂಟು ವರ್ಷವೂ ಹಿಡೀಬಹುದು. 33 ವರ್ಷದಲ್ಲಿ ಹೀಗೆ ಪೂರ್ತಿ ಪಳಗಿದ ಮುಖ್ಯ ರೆಸಿಡೆಂಟ್‌ಗಳು 17 ಜನ ಮಾತ್ರ. ಆ 17 ಜನರಲ್ಲಿ ಹಲವರು ಬೇರೆ ಬೇರೆ ಕಡೆ ಹೋಗಿ ಅಲ್ಲಿಯೂ ಇದೇ ಮಾದರಿ ಹಾಕಿದ್ರು. ಮೆದುಳಿನ ಶಸ್ತ್ರಚಿಕಿತ್ಸೆಗೆ ಹೆಸರಾದ ಹಾರ್ವೆ ಕುಶಿಂಗ್ ಅವರಲ್ಲೊಬ್ಬರು. ಇವತ್ತು ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಎಂ.ಎಸ್. ಮಾಡೋರು ಹಗಲು ರಾತ್ರಿ ವಾರ್ಡಲ್ಲೇ ಬಿದ್ದಿರ್ತಾರಲ್ಲ, ಅದರ ಬೇರೂ ಸ್ವಲ್ಪ ಮಟ್ಟಿಗೆ ಇಲ್ಲಿದೆ.

ಪದ್ಧತಿ ಒಳ್ಳೆಯದೇ. ಕೈ ಪಳಗೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಆದ್ರೆ ಗುರುವಿನ ಕೈಚಳಕದ ಜೊತೆ ಗುರುವಿನ ನಂಬಿಕೆಯೂ ಶಿಷ್ಯನಿಗೆ ದಾಟುತ್ತೆ. ಹೊಲಿಗೆ ಹೇಗೆ ಹಾಕ್ಬೇಕು ಅನ್ನೋದನ್ನೂ, ಯಾರಿಗೆ ಎಷ್ಟು ಕೊಯ್ಯಬೇಕು ಅನ್ನೋದನ್ನೂ ಒಂದೇ ಬಾಯಿಂದ ಕಲೀತಾರೆ. ಎರಡನೆಯದನ್ನ ಯಾರು ಪರೀಕ್ಷೆ ಮಾಡಿದ್ರು?

ಸ್ತನ ಕ್ಯಾನ್ಸರ್ ಬಗ್ಗೆ ಹಾಲ್‌ಸ್ಟೆಡ್ ನಂಬಿಕೆ ಹೀಗಿತ್ತು: ಕ್ಯಾನ್ಸರ್ ನೀರಿನ ಕಲೆ ಬಟ್ಟೆಯಲ್ಲಿ ಹರಡಿದ ಹಾಗೆ ಸುತ್ತಲೂ ಮೆಲ್ಲಗೆ ಹಬ್ಬುತ್ತೆ. ಹಾಗಾದ್ರೆ ಕಲೆಯ ಅಂಚಿಗಿಂತ ಆಚೆಗೆ ಕತ್ತರಿಸಿದ್ರೆ ಆಯ್ತು. ಇದಕ್ಕೆ 'ರ‍್ಯಾಡಿಕಲ್ ಮ್ಯಾಸ್ಟೆಕ್ಟಮಿ' ಅಂತ ಹೆಸರು. ರ‍್ಯಾಡಿಕಲ್ ಅಂದ್ರೆ ಬೇರುಸಮೇತ ಅಂತ. 1894ರಲ್ಲಿ 50 ರೋಗಿಗಳ ಫಲಿತಾಂಶ ಪ್ರಕಟಿಸಿದ್ರು. ಆಪರೇಷನ್ ಆದ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು ಕೇವಲ 3 ಜನರಿಗೆ. ಯುರೋಪಿನ ಬೇರೆ ಸರ್ಜನ್‌ಗಳಲ್ಲಿ ಅದು ಅರ್ಧಕ್ಕಿಂತ ಜಾಸ್ತಿ. ಎಲ್ಲರೂ ಬೆರಗಾದ್ರು.

ಆದ್ರೆ ಆ ಜಾಗದಲ್ಲಿ ಮರಳೋದು ಬೇರೆ, ರೋಗಿ ಬದುಕೋದು ಬೇರೆ. ಎದೆ ಮೇಲೆ ಗುಣವಾಗಿ ಕಂಡವರೂ ಮೂಳೆ, ಪುಪ್ಪುಸ, ಲಿವರ್‌ಗೆ ಕ್ಯಾನ್ಸರ್ ಹರಡಿ ತೀರಿಕೊಳ್ತಿದ್ರು. ಬದುಕಿ ಉಳಿದವರಿಗೆ ಪಕ್ಕೆಲುಬು ಎದ್ದು ಕಾಣೋ ಗುಳಿಬಿದ್ದ ಎದೆ, ಊದಿಕೊಂಡ ತೋಳು, ಮೇಲೆತ್ತಲಾಗದ ಭುಜ. ಫಲಿತಾಂಶ ಚೆನ್ನಾಗಿರಲಿಲ್ಲ ಅಂದಾಗ ಕೆಲವು ಸರ್ಜನ್‌ಗಳು ಏನು ಮಾಡಿದ್ರು? ಇನ್ನೂ ಆಳವಾಗಿ ಕೊಯ್ದರು.

ಅನುಮಾನ ಪಟ್ಟವರು ಇರಲಿಲ್ಲ ಅಂತಲ್ಲ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಜೆಫ್ರಿ ಕೇನ್ಸ್, ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ತಮ್ಮ, 1920ರ ದಶಕದಲ್ಲೇ ಸಣ್ಣ ಆಪರೇಷನ್ ಮತ್ತು ರೇಡಿಯಂ ಬಳಸಿ ಒಳ್ಳೆ ಫಲಿತಾಂಶ ಕಂಡಿದ್ರು. ಕೇಳೋರಿರಲಿಲ್ಲ. 'ನಿಮ್ಮ ರೋಗಿಗಳಿಗೆ ಕಾಯಿಲೆ ಕಮ್ಮಿ ಇತ್ತೇನೋ' ಅಂದುಬಿಟ್ರೆ ಮುಗೀತು, ವಾದ ಅಲ್ಲಿಗೇ ನಿಲ್ಲುತ್ತೆ.

ಆ ವಾದವನ್ನ ಮುರಿಯೋಕೆ ಒಂದೇ ದಾರಿ: ಚೀಟಿ ಎತ್ತೋದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸರ್ಜರಿ ಪ್ರೊಫೆಸರ್ ಬರ್ನಾರ್ಡ್ ಫಿಶರ್ ಮಾಡಿದ್ದು ಅದನ್ನೇ. ಇಲಿಗಳ ಮೇಲಿನ ಕೆಲಸದಿಂದ ಅವರಿಗೆ ಅನ್ನಿಸಿತ್ತು, ಕ್ಯಾನ್ಸರ್ ಕೋಶಗಳು ಶುರುವಿನಲ್ಲೇ ರಕ್ತದ ಮೂಲಕ ಮೈತುಂಬ ತಿರುಗಬಹುದು, ಹಾಗಿದ್ರೆ ಎದೆಯನ್ನ ಎಷ್ಟು ಅಗಲ ಕತ್ತರಿಸಿದ್ರೂ ಲಾಭ ಇಲ್ಲ ಅಂತ. ಆದ್ರೆ ಇದೂ ಒಂದು ನಂಬಿಕೆಯೇ ತಾನೇ? 1971ರಲ್ಲಿ ಅಮೆರಿಕ ಮತ್ತು ಕೆನಡಾದ ಹಲವು ಆಸ್ಪತ್ರೆಗಳು ಸೇರಿ ಪ್ರಯೋಗ ಶುರು ಮಾಡಿದವು. ಯಾರಿಗೆ ರ‍್ಯಾಡಿಕಲ್, ಯಾರಿಗೆ ಸ್ತನ ಮಾತ್ರ ತೆಗೆಯೋ ಚಿಕ್ಕ ಆಪರೇಷನ್ ಅಂತ ಡಾಕ್ಟರ್ ಆರಿಸೋ ಹಾಗಿಲ್ಲ, ರೋಗಿಯೂ ಆರಿಸೋ ಹಾಗಿಲ್ಲ. ಯದ್ವಾತದ್ವಾ ಹಂಚಿಕೆ. ಕೇಳೋಕೆ ಕ್ರೂರ ಅನ್ನಿಸುತ್ತೆ. ಆದ್ರೆ ಹಾಗೆ ಹಂಚಿದಾಗ ಮಾತ್ರ ಎರಡೂ ಗುಂಪಲ್ಲಿ ವಯಸ್ಸು, ಗಂಟಿನ ಗಾತ್ರ, ಗೊತ್ತಿಲ್ಲದ ನೂರು ವಿಷಯ ಹೆಚ್ಚುಕಡಿಮೆ ಸಮ ಆಗುತ್ತೆ. ಆಮೇಲೆ ಕಾಣೋ ವ್ಯತ್ಯಾಸ ಆಪರೇಷನ್‌ದೇ ಅಂತ ಹೇಳಬಹುದು.

ರೋಗಿಗಳಿಗಿಂತ ಸರ್ಜನ್‌ಗಳನ್ನ ಒಪ್ಪಿಸೋದೇ ಕಷ್ಟ ಆಯ್ತು. 1976ರಲ್ಲಿ ಶುರುವಾದ ಮುಂದಿನ ಪ್ರಯೋಗಕ್ಕೆ ರೋಗಿಗಳು ಯಾಕೆ ಸೇರ್ತಿಲ್ಲ ಅಂತ ಸರ್ಜನ್‌ಗಳನ್ನೇ ಕೇಳಿದ ಒಂದು ಸಮೀಕ್ಷೆ 1984ರಲ್ಲಿ ಪ್ರಕಟವಾಯ್ತು. 73% ಜನ ಹೇಳಿದ ಕಾರಣ, ಇದರಿಂದ ರೋಗಿಯ ಜೊತೆಗಿನ ಸಂಬಂಧ ಕೆಡುತ್ತೆ ಅಂತ. 22% ಜನ, ಅನಿಶ್ಚಿತತೆಯನ್ನ ರೋಗಿಯ ಮುಂದೆ ಬಿಚ್ಚಿ ಮಾತಾಡೋದು ನಮಗೆ ಇಷ್ಟ ಇಲ್ಲ ಅಂದ್ರು. ಅಂದ್ರೆ 'ಯಾವುದು ಒಳ್ಳೇದು ಅಂತ ನನಗೂ ಗೊತ್ತಿಲ್ಲ' ಅನ್ನೋ ಒಂದು ವಾಕ್ಯ ಬಾಯಿಂದ ಹೊರಡ್ತಿಲ್ಲ. ವರ್ಷಗಟ್ಟಲೆ ಖಚಿತವಾಗಿರೋದನ್ನೇ ಕಲಿತವರಿಗೆ ಆ ವಾಕ್ಯವನ್ನ ಯಾರು ಕಲಿಸಿದ್ರು ಹೇಳಿ?

ಹೊರಗಿನಿಂದಲೂ ಒತ್ತಡ ಬಂತು. 1974ರಲ್ಲಿ ರೋಸ್ ಕುಶ್ನರ್ ಅನ್ನೋ ಪತ್ರಕರ್ತೆಗೆ ಗಂಟು ಕಾಣಿಸ್ಕೊಂಡಾಗ, ಮೊದಲು ಪರೀಕ್ಷೆ ಮಾತ್ರ, ಮುಂದಿನದನ್ನ ನಾನು ಎಚ್ಚರದಲ್ಲಿದ್ದು ನಿರ್ಧರಿಸ್ತೀನಿ ಅಂತ ಪಟ್ಟು ಹಿಡಿದ್ರು. ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ಅಮೆರಿಕ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್‌ಗೆ ಹಳೇ ರೀತಿಯಲ್ಲೇ, ಒಂದೇ ಅರಿವಳಿಕೆಯಲ್ಲಿ ರ‍್ಯಾಡಿಕಲ್ ಆಪರೇಷನ್ ಆಯ್ತು. ಎರಡೇ ದಿನ ಬಿಟ್ಟು ಫಿಶರ್ ಅವರ ಮೊದಲ ಫಲಿತಾಂಶ ಹೊರಬಿತ್ತು: ದೊಡ್ಡ ಆಪರೇಷನ್‌ಗೂ ಚಿಕ್ಕದಕ್ಕೂ ವ್ಯತ್ಯಾಸ ಕಾಣ್ತಿಲ್ಲ. 1979ರಲ್ಲಿ ಸರ್ಕಾರಿ ತಜ್ಞರ ಸಮಿತಿ ರ‍್ಯಾಡಿಕಲ್ ಇನ್ನು ಮಾನದಂಡ ಅಲ್ಲ, ಪರೀಕ್ಷೆ ಮತ್ತು ಆಪರೇಷನ್ ಬೇರೆ ಬೇರೆ ಹಂತ ಆಗಬೇಕು ಅಂದಿತು. ಆ ಸಮಿತಿಯಲ್ಲಿ ಕುಶ್ನರ್ ಕೂಡ ಇದ್ದರು.

2002ರಲ್ಲಿ ಬಂದ 25 ವರ್ಷದ ಲೆಕ್ಕ ನೋಡಿ. 1,665 ಹೆಂಗಸರು. ರ‍್ಯಾಡಿಕಲ್ ಮಾಡಿಸ್ಕೊಂಡವರು ಹೆಚ್ಚು ಕಾಲ ಬದುಕಲಿಲ್ಲ. ಎರಡನೇ ಪ್ರಯೋಗದ 20 ವರ್ಷದ ಲೆಕ್ಕವೂ ಅದೇ ವರ್ಷ ಬಂತು: ಗಂಟು ಮಾತ್ರ ತೆಗೆದು ಸ್ತನ ಉಳಿಸಿದವರೂ, ಪೂರ್ತಿ ಸ್ತನ ತೆಗೆಸಿಕೊಂಡವರೂ ಬದುಕಿದ್ದು ಒಂದೇ ಪ್ರಮಾಣದಲ್ಲಿ. ಇಟಲಿಯ ಮಿಲಾನ್‌ನಲ್ಲಿ ಉಂಬೆರ್ಟೊ ವೆರೊನೇಸಿ 701 ಹೆಂಗಸರ ಮೇಲೆ ಮಾಡಿದ ಪ್ರಯೋಗವೂ ಇದನ್ನೇ ಹೇಳಿತು. ಫಿಶರ್ ಪ್ರಯೋಗದಲ್ಲಿ ಒಂದು ಕೆನಡಾ ಆಸ್ಪತ್ರೆಯ ಸರ್ಜನ್ ಕೆಲವು ದಾಖಲೆ ತಿದ್ದಿದ್ದು 1990ರ ದಶಕದಲ್ಲಿ ದೊಡ್ಡ ಹಗರಣ ಆಯ್ತು. ಆ ಹೆಸರುಗಳನ್ನ ಪೂರ್ತಿ ಕಿತ್ತುಹಾಕಿ ಮತ್ತೆ ಲೆಕ್ಕ ಹಾಕಿದ್ರು, ಉತ್ತರ ಬದಲಾಗಲಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಬೇಕು. 'ಸಣ್ಣ ಆಪರೇಷನ್ ಸಾಕಂತೆ' ಅಂತ ಅರ್ಧ ಕೇಳಿ ವಾಟ್ಸಾಪ್‌ನಲ್ಲಿ ಹಾಕಬೇಡಿ. ಗಂಟು ತೆಗೆದು ರೇಡಿಯೇಷನ್ ಕೊಟ್ಟವರಲ್ಲಿ 20 ವರ್ಷದಲ್ಲಿ ಅದೇ ಸ್ತನಕ್ಕೆ ಕ್ಯಾನ್ಸರ್ ಮರಳಿದ್ದು 14.3% ಜನರಿಗೆ. ರೇಡಿಯೇಷನ್ ಕೊಡದವರಲ್ಲಿ 39.2%. ಅಂದ್ರೆ ಸ್ತನ ಉಳಿಸೋ ಆಪರೇಷನ್ ಸಾಮಾನ್ಯವಾಗಿ ರೇಡಿಯೇಷನ್ ಜೊತೆಗೇ ಬರುತ್ತೆ. ರೇಡಿಯೇಷನ್ ಅಂದ್ರೆ ವಾರಗಟ್ಟಲೆ ಓಡಾಟ. ಯಂತ್ರ ಇರೋ ಊರು ದೂರ ಇದ್ದವರಿಗೆ, ದಿನಗೂಲಿ ಬಿಟ್ಟು ಬರೋರಿಗೆ ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಬಹಳ ಜನ ಗಂಟು ದೊಡ್ಡದಾದ ಮೇಲೆ ಬರ್ತಾರೆ ಅನ್ನೋದೂ ಇದೆ. ಹಾಗಾಗಿ ಇವತ್ತಿಗೂ ನಮ್ಮ ಕಡೆ ಪೂರ್ತಿ ಸ್ತನ ತೆಗೆಸಿಕೊಂಡವರನ್ನ ನೋಡಿದ್ರೆ, ಡಾಕ್ಟರ್ ಹಳೇ ಕಾಲದವರು ಅಂತ ತೀರ್ಮಾನಿಸೋದು ತಪ್ಪಾಗುತ್ತೆ. ಈಗ ಮಾಡೋದು ಹಾಲ್‌ಸ್ಟೆಡ್ ಆಪರೇಷನ್ ಅಲ್ಲ, ಎದೆಯ ಸ್ನಾಯುವನ್ನ ಉಳಿಸುತ್ತಾರೆ.

ಸರ್ಜರಿ ಕಲಿಯೋರಿಗೆ ಇದರಿಂದ ಏನು ಬದಲಾಯ್ತು? ಕಂಕುಳಿನ ಗ್ರಂಥಿಗಳನ್ನೇ ತಗೊಳ್ಳಿ. ಮೊದಲು ಎಲ್ಲವನ್ನೂ ತೆಗೀತಿದ್ರು. ಈಗ ಆರಂಭದ ಹಂತದ ಹೆಚ್ಚಿನ ರೋಗಿಗಳಲ್ಲಿ ಬಣ್ಣ ಅಥವಾ ವಿಕಿರಣ ವಸ್ತು ಬಿಟ್ಟು, ಅದು ಮೊದಲು ಮುಟ್ಟೋ ಒಂದೆರಡು ಗ್ರಂಥಿಯನ್ನಷ್ಟೇ ಹುಡುಕಿ ಪರೀಕ್ಷಿಸ್ತಾರೆ. ಅದೂ ಪ್ರಯೋಗಗಳಿಂದಲೇ ಬಂದದ್ದು. ಇವತ್ತಿನ ರೆಸಿಡೆಂಟ್ ಎಲ್ಲಿ ಚಾಕು ನಿಲ್ಲಿಸಬೇಕು ಅನ್ನೋದನ್ನೂ ಕಲೀಬೇಕು. ಜೊತೆಗೆ ಸಂಖ್ಯೆ ಓದೋದನ್ನೂ. ನಮ್ಮಲ್ಲಿ ಎಂ.ಎಸ್. ವಿದ್ಯಾರ್ಥಿ ಒಂದು ಪ್ರಬಂಧ ಬರೀಲೇಬೇಕು. ಅದನ್ನ ಎಷ್ಟು ಜನ ಮನಸ್ಸಿಟ್ಟು ಮಾಡ್ತಾರೆ ಅನ್ನೋದು ಬೇರೆ ಚರ್ಚೆ.

ಮನಸ್ಸಿಟ್ಟು ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಮುಂಬೈಗೆ ಬನ್ನಿ. ಟಾಟಾ ಮೆಮೋರಿಯಲ್ ಆಸ್ಪತ್ರೆ, ಹೋಮಿ ಭಾಭಾ ನ್ಯಾಷನಲ್ ಇನ್‌ಸ್ಟಿಟ್ಯೂಟ್‌ನ ಭಾಗ. ಸರ್ಜನ್ ರಾಜೇಂದ್ರ ಬಡ್ವೆ ತಂಡ ಒಂದು ಸರಳ ಪ್ರಶ್ನೆ ಕೇಳಿತು: ಕೊಯ್ಯೋಕೆ ಏಳು ಹತ್ತು ನಿಮಿಷ ಮೊದಲು ಗಂಟಿನ ಸುತ್ತ ಲಿಡೊಕೇನ್ ಚುಚ್ಚಿದ್ರೆ? ಲಿಡೊಕೇನ್ ಅಂದ್ರೆ ಹಲ್ಲು ಕೀಳುವಾಗ ಮರಗಟ್ಟಿಸೋಕೆ ಕೊಡ್ತಾರಲ್ಲ, ಅದು. ಹಾಲ್‌ಸ್ಟೆಡ್ ಕೊಕೇನ್‌ನಿಂದ ಮಾಡಹೊರಟದ್ದನ್ನ ಚಟ ಹಿಡಿಸದೆ ಮಾಡೋ ಔಷಧಿ. 1,583 ಹೆಂಗಸರ ಫಲಿತಾಂಶ 2023ರಲ್ಲಿ ಬಂತು. ಐದು ವರ್ಷಕ್ಕೆ ಬದುಕಿದ್ದವರು ಚುಚ್ಚುಮದ್ದು ಇಲ್ಲದ ಗುಂಪಲ್ಲಿ 86.4%, ಇದ್ದ ಗುಂಪಲ್ಲಿ 90.1%. ಅಗ್ಗದ, ಎಲ್ಲ ಆಸ್ಪತ್ರೆಯಲ್ಲೂ ಸಿಗೋ ಔಷಧಿ.

ನಿಮ್ಮ ಮನೆಯವರನ್ನ ಯಾವುದಾದ್ರೂ ಪ್ರಯೋಗಕ್ಕೆ ಸೇರಿಸ್ಕೊಳ್ತೀವಿ ಅಂತ ಆಸ್ಪತ್ರೆಯಲ್ಲಿ ಕೇಳಿದ್ರೆ ಗಾಬರಿ ಬೇಡ, ಹಾಗಂತ ಸುಮ್ಮನೆ ಸಹಿಯೂ ಬೇಡ. ಸಮ್ಮತಿ ಪತ್ರ ನಿಮಗೆ ಅರ್ಥವಾಗೋ ಭಾಷೆಯಲ್ಲಿರಬೇಕು. ಕನ್ನಡದ್ದು ಕೇಳಿ. ಸೇರದಿದ್ರೆ ಯಾವ ಚಿಕಿತ್ಸೆ ಸಿಗುತ್ತೆ, ನಡುವೆ ಬಿಡಬಹುದಾ ಅಂತ ಕೇಳಿ. ಬಿಡಬಹುದು, ಅದು ನಿಮ್ಮ ಹಕ್ಕು. ಪ್ರಯೋಗದ ನೋಂದಣಿ ಸಂಖ್ಯೆಯನ್ನೂ ಕೇಳಿ. ಭಾರತದಲ್ಲಿ 2009ರಿಂದ ಇಂಥ ಪ್ರಯೋಗಗಳು ಸಿ.ಟಿ.ಆರ್.ಐ. ಅನ್ನೋ ಸರ್ಕಾರಿ ದಾಖಲೆಯಲ್ಲಿ ಇರಬೇಕು, ಫೋನಲ್ಲೇ ಹುಡುಕಬಹುದು. ಆಮೇಲೆ ಡಾಕ್ಟರ್ 'ಎರಡರಲ್ಲಿ ಯಾವುದು ಒಳ್ಳೇದು ಅಂತ ಇನ್ನೂ ಗೊತ್ತಿಲ್ಲ' ಅಂದ್ರೆ, ಎದ್ದು ಬೇರೆ ಆಸ್ಪತ್ರೆಗೆ ಓಡೋ ಮೊದಲು ಕೂತು ಇನ್ನೆರಡು ಪ್ರಶ್ನೆ ಕೇಳಿ.

ಇವತ್ತಿಗೆ ಇಷ್ಟು. ಮುಂದಿನ ವಾರ ಸಿಗೋಣ.